ಹಳೇ ಔಟ್‌ಬೋರ್ಡ್ ಮಿಸ್ಸಿಂಗ್ ಹೊಡೆದರೆ ಕಾರ್ಬೊರೇಟರ್ ಬಿಚ್ಚುವ ಮೊದಲು

ಕಾರವಾರದ ಕಾಳಿ ನದಿಯ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಮೋಟಾರು ಕೈಕೊಟ್ಟರೆ ಯೋಚಿಸುತ್ತ ಕೂರಲು ಆಗುವುದಿಲ್ಲ. ನೀರು ದೋಣಿಯನ್ನು ಸಮುದ್ರದ ಕಡೆ ಎಳೆಯುತ್ತಲೇ ಇರುತ್ತದೆ. ನಾನು ದೇವಬಾಗದಿಂದ ಕೋಡಿಬಾಗಕ್ಕೆ ವಾಪಸ್ ಬರುತ್ತಿದ್ದೆ. ದೋಣಿಯ ಹಿಂದೆ ಕಟ್ಟಿದ್ದು 1970ರ ದಶಕದ ಎರಡು ಸಿಲಿಂಡರಿನ ಔಟ್‌ಬೋರ್ಡ್. ಅರ್ಧ ದಾರಿಯಲ್ಲಿ 'ಟರ್ರ್' ಎನ್ನುತ್ತಿದ್ದದ್ದು 'ಟಪ್... ಟಪ್... ಟರ್... ಟಪ್' ಆಯಿತು. ದೋಣಿಯ ಹಲಗೆಯೆಲ್ಲ ನಡುಗತೊಡಗಿತು. ಪೆಟ್ರೋಲ್ ಸಾಲುತ್ತಿಲ್ಲ ಅಂದುಕೊಂಡು ಪೈಪಿನ ನಡುವಿನ ರಬ್ಬರ್ ಬಲ್ಬು ಒತ್ತಿದೆ. ಇನ್ನೂ ಕೆಟ್ಟಿತು. ಮತ್ತೆ ಒತ್ತಿದೆ. ನಿಂತೇ ಹೋಯಿತು.

ಪಕ್ಕದಲ್ಲಿ ಹೋಗುತ್ತಿದ್ದ ನಾಡದೋಣಿಯವರು ಹಗ್ಗ ಎಸೆದು ದಡಕ್ಕೆ ಎಳೆದು ತಂದರು. ಅದರಲ್ಲಿದ್ದ ಹಿರಿಯರೊಬ್ಬರು, "ಎರಡರಲ್ಲಿ ಒಂದೇ ಹೊಡೀತಾ ಇತ್ತು ತಮಾ, ದೂರದಿಂದಲೇ ಕೇಳ್ತಿತ್ತು" ಎಂದರು. ನಾನು ತಲೆಯಾಡಿಸಿದೆ. ಮನೆಗೆ ಬಂದವನು ಆ ಮಾತು ಮರೆತು, ಪೆಟ್ರೋಲಿಗೆ ಗಾಳಿ ಬೆರೆಸಿ ಒಳಗೆ ಕಳಿಸುವ ಕಾರ್ಬೊರೇಟರ್ ಬಿಚ್ಚಿದೆ. ಮೂರು ಭಾನುವಾರ ಅದನ್ನೇ ಬಿಚ್ಚಿ ತೊಳೆದೆ. ಕಾರ್ಬೊರೇಟರ್ ಫಳಫಳ ಹೊಳೆಯಿತು, ಹೊಡೆತ ತಪ್ಪುವ ಈ ಮಿಸ್ಸಿಂಗ್ ಮಾತ್ರ ಹೋಗಲಿಲ್ಲ.

ಹಳೇ ಮೋಟಾರು ಇಟ್ಟುಕೊಂಡವರೆಲ್ಲ ಮಾಡುವ ತಪ್ಪು ಇದೇ. ಮಿಸ್ಸಿಂಗ್ ಅಂದರೆ ಕಾರ್ಬೊರೇಟರ್ ಅಂತ ಮೊದಲೇ ತೀರ್ಮಾನ ಮಾಡಿಬಿಡುತ್ತೇವೆ. ಆ ಹಿರಿಯರು ಹೇಳಿದ್ದು ಬೇರೆಯೇ. ಎರಡರಲ್ಲಿ ಒಂದು ಸಿಲಿಂಡರ್ ಸತ್ತಿದೆ ಅಂದರು. ಹಾಗಾದರೆ ಹುಡುಕಬೇಕಾದದ್ದು ಸತ್ತದ್ದು ಯಾವುದು, ಯಾಕೆ ಸತ್ತಿತು ಅಂತ. ಎರಡು ಸಿಲಿಂಡರಿಗೂ ಒಂದೇ ಕಾರ್ಬೊರೇಟರ್ ಇರುವಾಗ ಕಸ ಅದರಲ್ಲಿದ್ದರೆ ಎರಡಕ್ಕೂ ತೊಂದರೆ ಆಗಬೇಕಿತ್ತು, ಅಲ್ವಾ?

ಇದು ಅರ್ಥವಾಗಬೇಕಾದರೆ ಟೂ-ಸ್ಟ್ರೋಕ್ ಮೋಟಾರಿನ ಹೊಟ್ಟೆಯೊಳಗೆ ಏನು ನಡೆಯುತ್ತದೆ ಅಂತ ಒಮ್ಮೆ ನೋಡಬೇಕು. ಪೆಟ್ರೋಲು, ಆಯಿಲ್ಲು, ಗಾಳಿ ಮೂರೂ ಬೆರೆತು ಕಾರ್ಬೊರೇಟರಿನಿಂದ ಮೊದಲು ಹೋಗುವುದು ಪಿಸ್ಟನ್ನಿನ ಮೇಲಕ್ಕಲ್ಲ, ಕೆಳಗಿನ ಕ್ರ್ಯಾಂಕ್‌ಕೇಸಿಗೆ, ಅಂದರೆ ಕ್ರ್ಯಾಂಕ್ ದಂಡ ತಿರುಗುವ ಪೆಟ್ಟಿಗೆಗೆ. ಪಿಸ್ಟನ್ ಮೇಲೆ ಹೋಗುವಾಗ ಕೆಳಗೆ ಎಳೆತ ಹುಟ್ಟಿ ಮಿಶ್ರಣ ಒಳಗೆ ಬರುತ್ತದೆ. ಬಂದದ್ದು ವಾಪಸ್ ಹೋಗದಂತೆ ರೀಡ್ ಎಂಬ ತೆಳುವಾದ ಉಕ್ಕಿನ ಎಲೆಗಳು ಬಾಗಿಲು ಹಾಕುತ್ತವೆ. ಪಿಸ್ಟನ್ ಕೆಳಗಿಳಿದಾಗ ಅದೇ ಮಿಶ್ರಣ ಒತ್ತಿಸಿಕೊಂಡು ಪಕ್ಕದ ದಾರಿಯಿಂದ ಮೇಲಕ್ಕೆ ನುಗ್ಗುತ್ತದೆ. ಅಲ್ಲಿ ಕಿಡಿ ಬಿದ್ದು ಸ್ಫೋಟ. ಕ್ರ್ಯಾಂಕ್ ಒಂದು ಸುತ್ತು ತಿರುಗುವಷ್ಟರಲ್ಲಿ ಪ್ರತಿ ಸಿಲಿಂಡರೂ ಒಂದು ಸಲ ಹೊಡೆಯುತ್ತದೆ. ನಿಮಿಷಕ್ಕೆ 800 ಸುತ್ತಿನ ಸ್ಲೋದಲ್ಲಿ, ಅಂದರೆ ಅತಿ ನಿಧಾನದ ಓಟದಲ್ಲಿ, ಎರಡೂ ಸೇರಿ 1600 ಹೊಡೆತ. ಒಂದು ಸತ್ತರೆ ಅರ್ಧ ಹೋಯಿತು. ಸೈಕಲ್ಲಿನ ಒಂದೇ ಪೆಡಲು ತುಳಿದು ಏರು ಹತ್ತಿದ ಹಾಗೆ. ಅದೇ ನಡುಕ.

ಅಂದರೆ ಟೂ-ಸ್ಟ್ರೋಕಿನಲ್ಲಿ ಕ್ರ್ಯಾಂಕ್‌ಕೇಸೇ ಒಂದು ಪಂಪು. ಅದೂ ಪ್ರತಿ ಸಿಲಿಂಡರಿಗೆ ಒಂದೊಂದು, ಬೇರೆ ಬೇರೆ. ಈ ಒಂದು ವಿಷಯ ತಲೆಯಲ್ಲಿದ್ದಿದ್ದರೆ ನನ್ನ ಮೂರು ಭಾನುವಾರ ಉಳಿಯುತ್ತಿತ್ತು.

ಸ್ಪ್ಯಾನರ್ ಹಿಡಿಯುವ ಮೊದಲು ನೋಡುವುದು ಮೋಟಾರಿನ ಹೊರಗಡೆ. ನಮ್ಮ ಕಡೆ ನೀರಿನಲ್ಲಿ ಬಲೆಯ ತುಂಡು ತೇಲುವುದು ಜಾಸ್ತಿ. ನೈಲಾನ್ ಎಳೆ ಪ್ರೊಪೆಲ್ಲರಿನ ಹಿಂದೆ ಸುತ್ತಿಕೊಂಡರೆ ಹೊರಗಿನಿಂದ ಕಾಣುವುದೂ ಇಲ್ಲ. ಅದು ಶಾಫ್ಟಿನ ಸೀಲು ಕೊರೆಯುತ್ತದೆ, ಗೇರ್ ಆಯಿಲಿಗೆ ನೀರು ಇಳಿಯುತ್ತದೆ. ಆಯಿಲ್ ಹಾಲಿನ ಹಾಗೆ ಬೆಳ್ಳಗಾಗಿ ಬಂದರೆ ನೀರು ಸೇರಿದೆ ಅಂತ. ಪ್ರೊಪೆಲ್ಲರಿನ ಒಂದು ಎಲೆ ಬಂಡೆಗೆ ತಾಗಿ ಬಾಗಿದ್ದರೂ ದೋಣಿ ನಡುಗುತ್ತದೆ, ಆದರೆ ಆಗ ಶಬ್ದ ಏಕಸಮ ಇರುತ್ತದೆ. ಮೋಟಾರು ಜೋರಾಗಿ ಕೂಗುತ್ತದೆ, ದೋಣಿ ಮಾತ್ರ ಮುಂದೆ ಹೋಗುವುದಿಲ್ಲ ಅಂದರೆ ಪ್ರೊಪೆಲ್ಲರಿನ ನಡುವಿನ ರಬ್ಬರ್ ಬುಷ್ ಜಾರುತ್ತಿದೆ. ಇನ್ನೂ ಹಳೆಯದಾದರೆ ಪ್ರೊಪೆಲ್ಲರನ್ನು ಶಾಫ್ಟಿಗೆ ಹಿಡಿದಿಡುವ ಶಿಯರ್ ಪಿನ್ ಮುರಿದಿದೆ. ಇವು ಯಾವುವೂ ಮಿಸ್ಸಿಂಗ್ ಅಲ್ಲ.

ಇನ್ನೊಂದು, ಟ್ಯಾಂಕಿನ ಮುಚ್ಚಳದ ಮೇಲಿನ ಗಾಳಿ ಸ್ಕ್ರೂ. ಅದನ್ನು ಸಡಿಲಿಸಲು ಮರೆತರೆ ಮೋಟಾರು ಹತ್ತು ನಿಮಿಷ ಚೆನ್ನಾಗಿ ಓಡುತ್ತದೆ. ಆಮೇಲೆ ಟ್ಯಾಂಕಿನೊಳಗೆ ನಿರ್ವಾತವಾಗಿ ಪೆಟ್ರೋಲ್ ಬರುವುದು ನಿಲ್ಲುತ್ತದೆ. ಇದನ್ನು ನಾಚಿಕೆಯಿಲ್ಲದೆ ಮೊದಲು ನೋಡಿ. ನಾನು ಎರಡು ಸಲ ಸಿಕ್ಕಿಬಿದ್ದಿದ್ದೇನೆ.

ಆಮೇಲೆ ಪೆಟ್ರೋಲು. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುತ್ತದೆ. 10 ಅಶ್ವಶಕ್ತಿಯೊಳಗಿನ ಮೋಟಾರು ಕಟ್ಟಿದ ನಾಡದೋಣಿಗಳಿಗೆ ವಿನಾಯಿತಿ ಇದ್ದರೂ, ನಮ್ಮಂಥ ಹವ್ಯಾಸದವರ ಮೋಟಾರು ಮಳೆಗಾಲ ಪೂರ್ತಿ ಕೊಟ್ಟಿಗೆಯ ಮೂಲೆಯಲ್ಲೇ. ಟ್ಯಾಂಕಿನಲ್ಲಿ ಉಳಿದ ಪೆಟ್ರೋಲಿನ ಹಗುರ ಅಂಶ ಆವಿಯಾಗಿ ಹೋಗುತ್ತದೆ, ಉಳಿದದ್ದು ವಾರ್ನಿಷ್ ಆಗಿ, ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ಜೆಟ್ಟಿನ ತೂತಿಗೆ ಅಂಟುತ್ತದೆ. ಇದು ಹಳೇ ಕಥೆ. ಹೊಸ ಕಥೆ ಎಥೆನಾಲ್. ದೇಶದ ಪೆಟ್ರೋಲಿನಲ್ಲಿ ಎಥೆನಾಲ್ 2022ರಲ್ಲಿ ಶೇ 10 ಮುಟ್ಟಿತು, 2025ರಲ್ಲಿ ಶೇ 20. ಎಥೆನಾಲಿಗೆ ನೀರೆಂದರೆ ಪ್ರೀತಿ. ಕಾರವಾರದ ಜುಲೈ ತಿಂಗಳ ಗಾಳಿಯಲ್ಲಿ ನೀರಿಗೇನು ಬರ? ನೀರು ಒಂದು ಮಿತಿ ದಾಟಿದರೆ ಎಥೆನಾಲ್ ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ಸೇರಿ ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ಮೋಟಾರು ಪೆಟ್ರೋಲ್ ಎಳೆಯುವುದೂ ತಳದಿಂದಲೇ. 50 ವರ್ಷದ ಹಿಂದಿನ ರಬ್ಬರ್ ಪೈಪು, ಬಿರಡೆಯ ಫ್ಲೋಟು, ಪಂಪಿನ ಡಯಾಫ್ರಮ್ಮು ಇದಕ್ಕಾಗಿ ಮಾಡಿದವಲ್ಲ. ಪೈಪು ಉಬ್ಬುತ್ತದೆ, ಒಳಗೇ ಸಿಪ್ಪೆ ಏಳುತ್ತದೆ. ಹಳೇ ಮೋಟಾರಿಗೆ ಈಗಿನ ಕಾಲದ ಪೈಪು ಹಾಕುವುದು ಅಂದಕ್ಕಲ್ಲ, ಅವಶ್ಯಕತೆಗೆ.

ಪರೀಕ್ಷೆ ಸುಲಭ. ಟ್ಯಾಂಕಿನ ತಳದ ಪೆಟ್ರೋಲನ್ನು ಗಾಜಿನ ಬಾಟಲಿಗೆ ತೆಗೆದು ಅರ್ಧ ಗಂಟೆ ಬಿಡಿ. ಕೆಳಗೆ ಬೇರೆ ಪದರ ಕಂಡರೆ ಅಷ್ಟೂ ಚೆಲ್ಲಬೇಕು. ನದಿಗಲ್ಲ ಮತ್ತೆ. ಹೊಸ ಪೆಟ್ರೋಲಿಗೆ ನೀರು ತಂಪು ಮಾಡುವ ಮೋಟಾರಿಗೆಂದೇ ಬರುವ ಟಿಸಿ-ಡಬ್ಲ್ಯು3 ದರ್ಜೆಯ ಆಯಿಲ್ ಬೆರೆಸಿ. 50ಕ್ಕೆ 1 ಅಂದರೆ ಲೀಟರಿಗೆ 20 ಮಿ.ಲೀ. 24ಕ್ಕೆ 1 ಕೇಳುವ ಇನ್ನೂ ಹಳೇ ಮೋಟಾರಾದರೆ ಹೆಚ್ಚುಕಡಿಮೆ 42 ಮಿ.ಲೀ. ಇದನ್ನು ಅಂದಾಜಿನಲ್ಲಿ ಮಾಡಬೇಡಿ. ಆಯಿಲ್ ಕಡಿಮೆಯಾದರೆ ಬೇರಿಂಗಿಗೇ ಕುತ್ತು. ಹಾಗೆಯೇ ನಮ್ಮ ಕಡೆಯ ನಾಡದೋಣಿಗಳಲ್ಲಿ ಸೀಮೆಎಣ್ಣೆ ಮೋಟಾರು ಕಂಡು, ನಮ್ಮದಕ್ಕೂ ಸ್ವಲ್ಪ ಬೆರೆಸಿದರಾಯಿತು ಅನ್ನುವವರಿದ್ದಾರೆ. ಅವು ಸೀಮೆಎಣ್ಣೆಗೆಂದೇ ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ಕಡಿಮೆ ಇಟ್ಟು ಮಾಡಿದವು. ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುತ್ತಾರೆ. ಪೆಟ್ರೋಲ್ ಮೋಟಾರಿಗೆ ಅದನ್ನು ಕುಡಿಸಿದರೆ ಮಿಶ್ರಣ ಸಮಯಕ್ಕೆ ಮೊದಲೇ ಉರಿದು ಪಿಸ್ಟನ್ನನ್ನು ಬಡಿಯುತ್ತದೆ.

ಈಗ ಅಸಲು ಪರೀಕ್ಷೆ, ಹಿರಿಯರು ಕಿವಿಯಲ್ಲೇ ಮಾಡಿದ್ದು. ಮೋಟಾರನ್ನು ದೋಣಿಯಲ್ಲಿ ಕಟ್ಟಿ ನೀರಿಗಿಳಿಸಿ. ನೀರು ತುಂಬಿದ ಡ್ರಮ್ಮಿನಲ್ಲಿ ಓಡಿಸಬಾರದೇ ಅಂದರೆ, ಆದೀತು, ಆದರೆ ಸಣ್ಣ ಡ್ರಮ್ಮಿನಲ್ಲಿ ಮೋಟಾರು ತಾನು ಬಿಟ್ಟ ಹೊಗೆಯನ್ನೇ ತಾನು ಎಳೆದುಕೊಂಡು ಸರಿಯಿದ್ದದ್ದೂ ಮಿಸ್ಸಿಂಗ್ ಹೊಡೆಯುತ್ತದೆ. ನೀರಿಲ್ಲದೆ ಒಂದು ಕ್ಷಣವೂ ಬೇಡ, ತಂಪು ಮಾಡುವ ನೀರನ್ನು ಎಳೆಯುವ ಇಂಪೆಲ್ಲರಿನ ರಬ್ಬರ್ ಸುಟ್ಟುಹೋಗುತ್ತದೆ. ಸ್ಲೋದಲ್ಲಿ ಓಡುವಾಗ ದಪ್ಪ ರಬ್ಬರ್ ಹಿಡಿಯ ಇಕ್ಕಳದಿಂದ ಕಿಡಿ ಕೊಡುವ ಒಂದು ಪ್ಲಗ್ಗಿನ ಟೋಪಿ ಕಿತ್ತು, ಅದರ ತುದಿಯನ್ನು ಮೋಟಾರಿನ ಲೋಹಕ್ಕೆ ತಾಗಿಸಿಡಿ. ಮೋಟಾರು ಕುಸಿದರೆ, ಆ ಸಿಲಿಂಡರ್ ಕೆಲಸ ಮಾಡುತ್ತಿತ್ತು. ಏನೂ ಬದಲಾಗದಿದ್ದರೆ ಸತ್ತದ್ದು ಅದೇ. ಎರಡನ್ನೂ ಒಂದೊಂದಾಗಿ ನೋಡಿ. ಐದು ನಿಮಿಷದ ಕೆಲಸ. ನನ್ನದರಲ್ಲಿ ಕೆಳಗಿನದು ಕಿತ್ತಾಗ ಏನೂ ಆಗಲಿಲ್ಲ. ಎರಡೂ ಸಮನಾಗಿ ಕುಸಿದರೆ ಆಗ ಮಾತ್ರ ಎರಡಕ್ಕೂ ಸೇರಿದ್ದನ್ನು, ಅಂದರೆ ಪೆಟ್ರೋಲು, ಕಾರ್ಬೊರೇಟರ್, ಟೈಮಿಂಗ್ (ಕಿಡಿ ಬೀಳುವ ಹೊತ್ತು) ಅನುಮಾನಿಸಬೇಕು.

ಸತ್ತ ಸಿಲಿಂಡರಿನ ಪ್ಲಗ್ ಬಿಚ್ಚಿ ನೋಡಿ. ತುದಿ ಬಿಸ್ಕತ್ತಿನ ಬಣ್ಣದಲ್ಲಿದ್ದರೆ ಆರೋಗ್ಯ. ಒಣ ಬಿಳಿ ಇದ್ದರೆ ಪೆಟ್ರೋಲ್ ಕಡಿಮೆ, ಗಾಳಿ ಜಾಸ್ತಿ. ಕಪ್ಪಾಗಿ ಒದ್ದೆಯಾಗಿದ್ದರೆ ಒಂದೋ ಕಿಡಿ ಇಲ್ಲ, ಇಲ್ಲವೇ ಪೆಟ್ರೋಲ್ ಅತಿಯಾಗಿ ಬರುತ್ತಿದೆ. ಹಬೆಯಲ್ಲಿ ತೊಳೆದ ಹಾಗೆ ಒಂದೇ ಪ್ಲಗ್ ವಿಚಿತ್ರವಾಗಿ ಚೊಕ್ಕಟ ಇದ್ದರೆ ಖುಷಿಪಡಬೇಡಿ, ಹೆಡ್ ಗ್ಯಾಸ್ಕೆಟ್ ಹೋಗಿ ಉಪ್ಪುನೀರು ಒಳಗೆ ಬರುತ್ತಿರಬಹುದು. ನನ್ನದು ಕಪ್ಪು, ಒದ್ದೆ, ಪೆಟ್ರೋಲ್ ತೊಟ್ಟಿಕ್ಕುತ್ತಿತ್ತು.

ಹಾಗಾದರೆ ಕಿಡಿ ನೋಡಬೇಕು. ಒಂದು ಮರದ ತುಂಡಿಗೆ ಎರಡು ಮೊಳೆ ಹೊಡೆದು, ತುದಿಗಳ ನಡುವೆ 6 ಮಿ.ಮೀ. ಅಂತರ ಬಿಡಿ. ಒಂದಕ್ಕೆ ಪ್ಲಗ್ಗಿನ ವೈರು, ಇನ್ನೊಂದರಿಂದ ಮೋಟಾರಿನ ಲೋಹಕ್ಕೆ ವೈರು. ಹಗ್ಗ ಎಳೆದಾಗ ನೀಲಿ ಕಿಡಿ 'ಚಟ್' ಎಂದು ಹಾರಬೇಕು. ಹಳದಿಯಾಗಿ ಸೊರಗಿದ್ದರೆ ಬಲವಿಲ್ಲ. ಪ್ಲಗ್ಗನ್ನೇ ಲೋಹಕ್ಕೆ ಹಿಡಿದು ನೋಡುವವರು ಜಾಸ್ತಿ. ಆದರೆ ಹೊರಗೆ ಬರುವ ಕಿಡಿ ಒಳಗಿನ ಒತ್ತಡದಲ್ಲೂ ಬರುತ್ತದೆ ಅನ್ನುವ ಭರವಸೆ ಇಲ್ಲ, ಅದಕ್ಕೇ ಈ 6 ಮಿ.ಮೀ. ಪ್ಲಗ್ಗಿನ ತೂತು ತೆರೆದಿರುವಾಗ ಅಲ್ಲಿಂದ ಪೆಟ್ರೋಲ್ ಆವಿ ಬರುತ್ತದೆ. ಕಿಡಿ ದೂರವಿರಲಿ, ಬೀಡಿ ಇನ್ನೂ ದೂರವಿರಲಿ.

ಕಿಡಿ ಸೊರಗಿದ್ದರೆ ದಾರಿ ಮೋಟಾರಿನ ನೆತ್ತಿಯ ಮೇಲಿನ ಭಾರದ ಚಕ್ರ, ಅಂದರೆ ಫ್ಲೈವೀಲಿನ ಕೆಳಗೆ ಹೋಗುತ್ತದೆ. ಆ ಕಾಲದ ಮೋಟಾರುಗಳಲ್ಲಿ ಸಿಲಿಂಡರಿಗೊಂದು ಪಾಯಿಂಟ್ (ತೆರೆದು ಮುಚ್ಚುವ ಸ್ವಿಚ್ಚು), ಪಾಯಿಂಟ್ ಸುಡದಂತೆ ಕಾಯುವ ಕಂಡೆನ್ಸರ್, ಕಿಡಿಗೆ ಬೇಕಾದ ವಿದ್ಯುತ್ ಹುಟ್ಟಿಸುವ ಕಾಯಿಲ್. ಫ್ಲೈವೀಲಿನ ಮ್ಯಾಗ್ನೆಟ್ ತಿರುಗುತ್ತಿರುವಾಗ ಪಾಯಿಂಟ್ ತಟ್ಟನೆ ತೆರೆಯಬೇಕು, ಆ ತೆರೆಯುವ ಕ್ಷಣದಲ್ಲೇ ಕಿಡಿ ಹುಟ್ಟುವುದು. ಸಮುದ್ರದ ಗಾಳಿಗೆ ಪಾಯಿಂಟಿನ ಮುಖದ ಮೇಲೆ ಬೂದಿ ಬಣ್ಣದ ಪೊರೆ ಕೂರುತ್ತದೆ. ಮಳೆಗಾಲ ಕಳೆದು ನೂಲ ಹುಣ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟು ಬಂದು ಹಗ್ಗ ಎಳೆದರೆ ಮೋಟಾರು ಮಾತಾಡುವುದಿಲ್ಲ ಅಂದರೆ, ಸಾಮಾನ್ಯವಾಗಿ ಈ ಪೊರೆಯೇ. ದಪ್ಪ ಕಾಗದದ ವಿಸಿಟಿಂಗ್ ಕಾರ್ಡನ್ನು ಸ್ವಲ್ಪ ಸ್ಪಿರಿಟ್‌ನಲ್ಲಿ ಅದ್ದಿ ಪಾಯಿಂಟುಗಳ ನಡುವೆ ಎಳೆದರೆ ಸಾಕು. ಮರಳು ಕಾಗದ ಬೇಡ, ಅದರ ಹರಳು ಅಲ್ಲೇ ಕೂತು ಮತ್ತೆ ತೊಂದರೆ ಕೊಡುತ್ತದೆ. ಆಮೇಲೆ ಅಂತರ. ಆ ಕಾಲದ ಜಾನ್ಸನ್, ಎವಿನ್ರೂಡ್ ಮೋಟಾರುಗಳಲ್ಲಿ ಸಾಮಾನ್ಯವಾಗಿ 0.020 ಇಂಚು, ಅಂದರೆ ಅರ್ಧ ಮಿ.ಮೀ. ಫೀಲರ್ ಗೇಜ್ ಹಾಕಿಯೇ ಅಳೆಯಬೇಕು, ಕಣ್ಣಳತೆ ಆಗದು. ಪಾಯಿಂಟ್ ಪದೇ ಪದೇ ಸುಟ್ಟು ಕಪ್ಪಾಗುತ್ತಿದ್ದರೆ ಕಂಡೆನ್ಸರ್ ನೋಡಿ. ಕಾಯಿಲಿನ ಹೊರಮೈ ಒಣ ಗದ್ದೆಯ ಹಾಗೆ ಬಿರುಕು ಬಿಟ್ಟಿದ್ದರೆ ಬದಲಿಸುವುದೇ ಲೇಸು, ಮೋಟಾರು ಬಿಸಿಯಾದಾಗ ಕಿಡಿ ಅಲ್ಲಿಂದ ಸೋರಿ ಹೋಗುತ್ತದೆ. ಫ್ಲೈವೀಲ್ ತೆಗೆಯಲು ಪುಲ್ಲರ್ ಬೇಕೇ ಬೇಕು. ಸುತ್ತಿಗೆ ಹೊಡೆಯುವವರ ಕೈಗೆ ಮೋಟಾರು ಕೊಡಬೇಡಿ. ತೆಗೆದ ಮೇಲೆ ಅದನ್ನು ಶಾಫ್ಟಿಗೆ ಕೂಡಿಸುವ ಸಣ್ಣ ಲೋಹದ ಕೀಲಿಯನ್ನೂ ನೋಡಿ. ಅರ್ಧ ಕತ್ತರಿಸಿದ್ದರೆ ಟೈಮಿಂಗ್ ತಪ್ಪಿರುತ್ತದೆ.

ಬಿಡಿಭಾಗದ ಮಾತು ಬಂತು ಅಂತ ಹೇಳುವುದು. ಓಲೆ ಎವಿನ್ರೂಡ್ ತನ್ನ ಮೋಟಾರು ಮಾರಲು ಶುರು ಮಾಡಿದ್ದು 1909ರಲ್ಲಿ. ಆ ಹೆಸರಿನ ಔಟ್‌ಬೋರ್ಡ್ ತಯಾರಿಕೆ 2020ರಲ್ಲಿ ನಿಂತಿತು. ಪಾಯಿಂಟ್, ಕಾಯಿಲ್, ಡಯಾಫ್ರಮ್, ಇಂಪೆಲ್ಲರುಗಳನ್ನು ಬೇರೆ ತಯಾರಕರು ಈಗಲೂ ಮಾಡುತ್ತಾರೆ. ಮೋಟಾರಿನ ಮಾಡೆಲ್ ನಂಬರ್ ಮಾತ್ರ ಸರಿಯಾಗಿ ಬರೆದಿಟ್ಟುಕೊಳ್ಳಿ. ಉಪ್ಪುಗಾಳಿಗೆ ಮೊದಲು ಹೋಗುವುದು ಆ ಪುಟ್ಟ ಫಲಕವೇ.

ನನ್ನ ಮೋಟಾರಿನ ಕಿಡಿ ಎರಡರಲ್ಲೂ ನೀಲಿ ಇತ್ತು. ಪ್ಲಗ್ಗುಗಳನ್ನು ಮೇಲಿಂದ ಕೆಳಕ್ಕೆ ಅದಲು ಬದಲು ಮಾಡಿದೆ. ತೊಂದರೆ ಪ್ಲಗ್ಗಿನ ಜೊತೆ ಹೋಗಲಿಲ್ಲ, ಕೆಳಗೇ ಉಳಿಯಿತು. ಹೀಗೆ ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಹಿಂದೆ ನಾನು ಪ್ಲಗ್, ವೈರು, ಆಯಿಲ್ ಒಟ್ಟಿಗೆ ಬದಲಿಸಿ, ಯಾವುದರಿಂದ ಏನಾಯಿತು ಅಂತ ತಿಳಿಯದೆ ದುಡ್ಡು ಕಳೆದಿದ್ದೆ.

ಮುಂದಿನದು ಕಂಪ್ರೆಷನ್. ಎರಡೂ ಪ್ಲಗ್ ತೆಗೆದು, ವೈರುಗಳನ್ನು ಲೋಹಕ್ಕೆ ತಾಗಿಸಿ, ಥ್ರಾಟಲ್ ಪೂರ್ತಿ ತೆರೆದು, ಗೇಜ್ ಹಾಕಿ ನಾಲ್ಕೈದು ಸಲ ಜೋರಾಗಿ ಹಗ್ಗ ಎಳೆಯಬೇಕು. ಅಂಕಿ ಎಷ್ಟು ಬಂತು ಅನ್ನುವುದಕ್ಕಿಂತ ಎರಡರ ನಡುವಿನ ಅಂತರ ಮುಖ್ಯ. ಶೇ 10-15 ದಾಟಿದರೆ ರಿಂಗೋ, ಗ್ಯಾಸ್ಕೆಟ್ಟೋ ಹೋಗಿದೆ. ಆಗ ಕಾರ್ಬೊರೇಟರ್ ಎಷ್ಟು ತೊಳೆದರೂ ಅಷ್ಟೇ. ನನ್ನದರಲ್ಲಿ ಎರಡೂ ಹತ್ತಿರ ಹತ್ತಿರ ಇತ್ತು.

ಕಿಡಿ ಇದೆ, ಒತ್ತಡ ಇದೆ, ಪ್ಲಗ್ ಒದ್ದೆ. ಅಂದರೆ ಕೆಳಗಿನ ಸಿಲಿಂಡರಿಗೆ ಮಾತ್ರ ಎಲ್ಲಿಂದಲೋ ಜಾಸ್ತಿ ಪೆಟ್ರೋಲ್ ಬರುತ್ತಿದೆ. ಆಗ ಅಳಿವೆಯಲ್ಲಿ ಒತ್ತಿದ ರಬ್ಬರ್ ಬಲ್ಬು ನೆನಪಾಯಿತು. ಪೆಟ್ರೋಲ್ ಸಾಲದೆ ಮಿಸ್ಸಿಂಗ್ ಆಗುತ್ತಿದ್ದರೆ ಬಲ್ಬು ಒತ್ತಿದಾಗ ಮೋಟಾರು ಚೇತರಿಸಿಕೊಳ್ಳಬೇಕು. ನನ್ನದು ಒತ್ತಿದಷ್ಟೂ ಕೆಟ್ಟಿತ್ತು. ಉತ್ತರ ಅಲ್ಲೇ ಇತ್ತು.

ಈ ಮೋಟಾರುಗಳ ಪೆಟ್ರೋಲ್ ಪಂಪಿಗೆ ಬೇರೆ ಯಂತ್ರವಿಲ್ಲ. ಒಂದು ಡಯಾಫ್ರಮ್, ಅಂದರೆ ತೆಳುವಾದ ರಬ್ಬರ್ ಪೊರೆ, ಅಷ್ಟೇ. ಅದರ ಒಂದು ಬದಿಗೆ ಪೆಟ್ರೋಲ್. ಇನ್ನೊಂದು ಬದಿ ಒಂದು ಸಣ್ಣ ತೂತಿನಿಂದ ಒಂದು ಸಿಲಿಂಡರಿನ ಕ್ರ್ಯಾಂಕ್‌ಕೇಸಿಗೆ ಸೇರಿರುತ್ತದೆ. ಅಲ್ಲಿನ ಎಳೆತ-ಒತ್ತಡಕ್ಕೆ ಪೊರೆ ಅತ್ತಿತ್ತ ಬಡಿಯುತ್ತ ಪೆಟ್ರೋಲ್ ಎಳೆದು ಕೊಡುತ್ತದೆ. ಎಷ್ಟು ಚೆಂದದ ಉಪಾಯ ನೋಡಿ. ಆದರೆ ಪೊರೆಯಲ್ಲಿ ಒಂದು ಸೂಜಿಯಷ್ಟು ತೂತಾದರೆ ಪೆಟ್ರೋಲ್ ಕಾರ್ಬೊರೇಟರಿಗೆ ಹೋಗುವ ಬದಲು ನೇರ ಆ ಕ್ರ್ಯಾಂಕ್‌ಕೇಸಿಗೆ ಇಳಿಯುತ್ತದೆ. ಆ ಒಂದು ಸಿಲಿಂಡರ್ ಮಾತ್ರ ಮುಳುಗುತ್ತದೆ. ನಾನು ಬಲ್ಬು ಒತ್ತಿ ಅದನ್ನು ಇನ್ನಷ್ಟು ಮುಳುಗಿಸಿದ್ದೆ. ಪಂಪಿನ ಎರಡು ಸ್ಕ್ರೂ ಬಿಚ್ಚಿ, ಪೈಪು ಹಾಗೇ ಇಟ್ಟು ಬಲ್ಬು ಒತ್ತಿದೆ. ಹಿಂಬದಿಯ ತೂತಿನಿಂದ ಪೆಟ್ರೋಲ್ ಜಿನುಗಿತು. ಮೂರು ಭಾನುವಾರದ ಕಳ್ಳ ಸಿಕ್ಕಿಬಿದ್ದ.

ಕಾರ್ಬೊರೇಟರಿನ ತಪ್ಪೇ ಇರುವುದಿಲ್ಲ ಅಂತಲ್ಲ. ಅದರದ್ದಾದರೆ ಲಕ್ಷಣ ಬೇರೆ. ಸ್ಲೋದಲ್ಲಿ ಕೆಮ್ಮಿ, ರೇಸ್ ಮಾಡಿದಾಗ ಸರಿಯಾದರೆ ಸ್ಲೋ ಜೆಟ್ಟಿನಲ್ಲಿ ಕಸ. ಸ್ಲೋ ಚೆನ್ನಾಗಿದ್ದು ಜೋರಿನಲ್ಲಿ ಸತ್ತರೆ ದೊಡ್ಡ ಜೆಟ್ಟು, ಇಲ್ಲವೇ ಪೆಟ್ರೋಲ್ ಸಾಲದು. ಓಡುವಾಗ ಚೋಕ್ ಸ್ವಲ್ಪ ಎಳೆದು ನೋಡಿ. ಸುಧಾರಿಸಿದರೆ ಎಲ್ಲೋ ಗಾಳಿ ಒಳಗೆ ಬರುತ್ತಿದೆ ಅಥವಾ ಜೆಟ್ ಕಟ್ಟಿದೆ. ತೊಳೆಯುವಾಗ ಜೆಟ್ಟಿಗೆ ಉಕ್ಕಿನ ತಂತಿ ತೂರಿಸಬೇಡಿ, ತೂತು ದೊಡ್ಡದಾದರೆ ಅಳತೆಯೇ ಹೋಯಿತು. ಕೈಯಿಂದ ತಿರುಗಿಸುವ ಸ್ಲೋ ಸೂಜಿ ಇದ್ದರೆ ಮೆಲ್ಲಗೆ ಪೂರ್ತಿ ಮುಚ್ಚಿ, ಒಂದೂವರೆ ಸುತ್ತು ತೆರೆದು ಶುರು ಮಾಡಿ. ಮೋಟಾರು ಬಿಸಿಯಾಗಿ ಗೇರಿನಲ್ಲಿರುವಾಗ ಅರೆಕಾಲು ಸುತ್ತಿನಷ್ಟೇ ತಿರುಗಿಸಿ ಸ್ವಲ್ಪ ಕಾಯಿರಿ. ಜಾಸ್ತಿ ಮುಚ್ಚಿದರೆ ಕಾರ್ಬೊರೇಟರಿನ ಬಾಯಿಂದ ಸೀನಿದ ಹಾಗೆ ಶಬ್ದ ಬರುತ್ತದೆ. ಜಾಸ್ತಿ ತೆರೆದರೆ ಗುಳುಗುಳು ಎಂದು ಉಸಿರುಗಟ್ಟುತ್ತದೆ. ಎರಡರ ನಡುವೆ, ಗುಳುಗುಳು ಕಡೆಗೆ ಒಂಚೂರು ವಾಲಿಸಿ ಬಿಡಿ.

ಸ್ಲೋದಿಂದ ಎತ್ತುವಾಗ ಮಾತ್ರ ಮುಗ್ಗರಿಸಿದರೆ ಥ್ರಾಟಲ್ ಮತ್ತು ಟೈಮಿಂಗಿನ ಹೊಂದಾಣಿಕೆ ನೋಡಬೇಕು. ಹಿಡಿ ತಿರುಗಿಸಿದಾಗ ಮೊದಲು ಪಾಯಿಂಟ್ ಕೂತ ತಟ್ಟೆ ತಿರುಗಿ ಕಿಡಿ ಮುಂಚೆ ಬರುವಂತಾಗಬೇಕು, ಆಮೇಲೆ ಅದಕ್ಕೆ ಅಂಟಿದ ಕ್ಯಾಮ್ ರೋಲರನ್ನು ಒತ್ತಿ ಕಾರ್ಬೊರೇಟರ್ ತೆರೆಯಬೇಕು. ಸವೆದ ರೋಲರಿನಲ್ಲಿ ಈ ತಾಳ ತಪ್ಪುತ್ತದೆ. ಎಲ್ಲ ಸರಿಯಿದ್ದೂ ಬಿಸಿಯಾದ ಮೇಲೆ ಮಾತ್ರ ಕೆಟ್ಟರೆ, ಹಿಂದಿನಿಂದ ಬೀಳುವ ನೀರು ಮುಟ್ಟಿ ನೋಡಿ. ಸುಡುತ್ತಿದ್ದರೆ ಒಳದಾರಿಯಲ್ಲಿ ಉಪ್ಪು ಕಟ್ಟಿದೆ ಅಥವಾ ಇಂಪೆಲ್ಲರ್ ಸವೆದಿದೆ. ಪ್ರತಿ ಸಲ ಸಮುದ್ರಕ್ಕೆ ಹೋಗಿ ಬಂದ ಮೇಲೆ ಸಿಹಿನೀರಿನ ದೊಡ್ಡ ಡ್ರಮ್ಮಿನಲ್ಲಿ ಐದು ನಿಮಿಷ ಓಡಿಸಿದರೆ ಈ ತಾಪತ್ರಯ ಬಹಳ ಕಡಿಮೆ. ಕೊನೆಗೆ ಪೆಟ್ರೋಲ್ ಪೈಪು ಕಳಚಿ, ತಾನಾಗಿ ನಿಲ್ಲುವವರೆಗೆ ಬಿಡುತ್ತೇನೆ, ಕಾರ್ಬೊರೇಟರಿನಲ್ಲಿ ಹೆಚ್ಚೇನೂ ಉಳಿಯದು.

ಹೊಸ ಡಯಾಫ್ರಮ್ ಹಾಕಿ, ತಾಜಾ ಪೆಟ್ರೋಲ್ ತುಂಬಿ ಮತ್ತೆ ಕಾಳಿಗೆ ಇಳಿಸಿದೆ, ಈ ಸಲ ಭರತದ ಹೊತ್ತು ನೋಡಿಕೊಂಡು, ಹುಟ್ಟನ್ನೂ ಇಟ್ಟುಕೊಂಡು. ಮೂರನೇ ಎಳೆತಕ್ಕೆ ಹಿಡಿಯಿತು. ಮೊದಲು ಒಂದಷ್ಟು ನೀಲಿ ಹೊಗೆ, ಆಮೇಲೆ ಒಂದೇ ಸಮನೆ 'ಟರ್ರ್'. ದೇವಬಾಗಕ್ಕೆ ಹೋಗಿ ಬಂದು ಪ್ಲಗ್ ಬಿಚ್ಚಿದೆ. ಮೇಲಿನದು ಬಿಸ್ಕತ್ತಿನ ಬಣ್ಣ. ಕೆಳಗಿನದು ಇನ್ನೂ ಒಂಚೂರು ಕಪ್ಪು. ಅಡಿಯ ಕ್ರ್ಯಾಂಕ್ ಸೀಲಿನ ಮೇಲೆ ಅನುಮಾನ ಇದೆ, ಅದನ್ನು ಮಳೆಗಾಲದಲ್ಲಿ ನೋಡಿಕೊಳ್ಳುತ್ತೇನೆ.